ಅವ್ವ ಕೇಳಿದ ಟೈಮು

11 ಜನವರಿ, ಎರಡನೇ ಶನಿವಾರ

ತೆಳ್ಳಗಿನ ಕೈಗಡಿಯಾರದ ಆಸೆ ಇನ್ನೂ ಹೋಗಿಲ್ಲ. ಬಂಗಾರದ ಬಣ್ಣ, ತೊಗಲಿನ ಪಟ್ಟಿ, ಮೀಟಿಂಗಿಗೆ ಚೆನ್ನಾಗಿ ಒಪ್ಪುತ್ತಿತ್ತು. ಇನ್ನೊಂದು ಅಷ್ಟೇ ಅಗಲ, ಆದರೆ ದಪ್ಪ ಸ್ಟೀಲು. ಎಮ್ಮೆಯ ಹೆರಿಗೆ ಮಾಡಿಸಿ ಮೊಣಕೈತನಕ ತೊಳೆದುಕೊಂಡರೂ ಒಳಗೆ ನೀರಿಳಿಯುವುದಿಲ್ಲ. ಜೇವರ್ಗಿಯಲ್ಲಿ ದನದ ಡಾಕ್ಟರಾಗಿರುವ ನನಗೆ ಯಾವುದು ಬೇಕೆಂದು ಯಾರು ಬೇಕಾದರೂ ಹೇಳುತ್ತಾರೆ. ಆದರೂ ಒಂದು ದುಬಾರಿ ವಸ್ತುವನ್ನಾದರೂ ಕೆಲಸದ ನೆನಪಿಲ್ಲದೆ ಕೊಳ್ಳಬೇಕೆಂದಿದ್ದೆ.

ಕಲಬುರಗಿಯ ಅಂಗಡಿಯವನೂ ತೆಳ್ಳಗಿನದನ್ನೇ ಹೊಗಳಿದ. “ಡ್ರೆಸ್ಸಿನ ತೋಳಿನೊಳಗ ಸರಿದು ಹೋಗ್ತದ್ರಿ ಮೇಡಂ, ಕಾಣಂಗೇ ಇಲ್ರಿ.”

ಜೊತೆಗೆ ಬಂದಿದ್ದ ಅವ್ವ ನಡುವೆ ಬಾಯಿ ಹಾಕಿದಳು. “ಕಾಣಂಗಿಲ್ಲಂದ್ರ ಯಾತಕ್ರಿ ಅದು? ನನ್ನ ಮಗಳು ಮುಚ್ಚಿ ಇಟ್ಕೊಳಾಕ ತಗೊಳಾಕತ್ತಾಳೇನು?”

ದಪ್ಪನೆಯದನ್ನೇ ಕಟ್ಟಿಕೊಂಡು ಬಂದೆ.

ಅವ್ವ ಗೌಡರ ತೊಗರಿ ಹೊಲದಲ್ಲಿ ಕೂಲಿ ಮಾಡುವಾಗ ಗಡಿಯಾರ ಇದ್ದದ್ದು ಗೌಡರ ಮಗನ ಕೈಯಲ್ಲಿ ಮಾತ್ರ. ಅವನಿಗಿನ್ನೂ ಮೀಸೆ ಮೂಡಿರಲಿಲ್ಲ. ಆದರೂ ಹೆಂಗಸರೆಲ್ಲ “ಟೈಮ್ ಎಷ್ಟಾತ್ರಿ?” ಎಂದು ಕೇಳಬೇಕು. ಅವನು ಹೇಳಿದ ಮೇಲೆಯೇ ಮನೆ.

ಇವತ್ತು ಬಸ್ಸಿನಲ್ಲಿ ನನ್ನ ಮಣಿಕಟ್ಟು ನೋಡಿ, ಅವ್ವ ಅದೇ ರೂಢಿಯಲ್ಲಿ ಕೇಳಿಬಿಟ್ಟಳು: “ಟೈಮ್ ಎಷ್ಟಾತ್ರಿ?” ತಕ್ಷಣ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಹಿಂದಿನ ಸೀಟಿನವರಿಗೂ ಕೇಳುವ ಹಾಗೆ, “ಪಲ್ಲವಿ, ಟೈಮ್ ಎಷ್ಟಾತು ಬೇ?” ಎಂದಳು.

ಹೇಳಿದೆ. ಜೇವರ್ಗಿ ಬರುವುದರೊಳಗೆ ಮತ್ತೆ ಮತ್ತೆ ಕೇಳಿದಳು, ಮತ್ತೆ ಮತ್ತೆ ಹೇಳಿದೆ.

ಈಗ ಒಳಗಿನಿಂದ ಇನ್ನೊಮ್ಮೆ ಕೇಳುತ್ತಿದ್ದಾಳೆ. ಗೋಡೆಯ ಗಡಿಯಾರ ಅವಳ ಎದುರಿಗೇ ಇದೆ. ಹೇಳಿ ಬರುತ್ತೇನೆ.