ಪಿನಿಯ ಗದ್ದದ ಮೇಲಿನ ಎಳ್ಳು

ಮಾಂಟ್ರಿಯಲ್
ಏಪ್ರಿಲ್ 14, 1971

ಪ್ರೀತಿಯ ಬ್ರೈನಲೆ,

ನೀನು ಕ್ಷೇಮವಾಗಿ ವಿನಿಪೆಗ್ ಸೇರಿದೆಯೆಂದು ತಿಳಿದು ಸಮಾಧಾನವಾಯಿತು. ನಿನ್ನ ಅಕ್ಕ ಫೆಯ್ಗಾಳ ಸೊಂಟ ಹೇಗಿದೆ? ಎದ್ದು ಓಡಾಡಲು ಅವಸರ ಮಾಡಬೇಡವೆಂದು ಹೇಳು. ಅವಳು ಕೇಳುವುದಿಲ್ಲ, ಆದರೂ ಹೇಳು. ನಿನ್ನ ಕೆಮ್ಮು ನಿಂತಿತೇ? ನೀನಿಲ್ಲದ ಹಬ್ಬ ಉಪ್ಪಿಲ್ಲದ ಸಾರಿನ ಹಾಗಿದೆ. ಫೋನು ಮಾಡಬಹುದಿತ್ತು. ಆದರೆ ನಮ್ಮ ಫೋನು ಇರುವುದು ಊಟದ ಕೋಣೆಯಲ್ಲಿ, ನಾನು ಹೇಳಬೇಕಾದ ಮಾತು ಆ ಕೋಣೆಯಲ್ಲಿ ಕೂರುವವರ ಬಗ್ಗೆಯೇ.

ಮೊಮ್ಮಗ ಪಿನಿಗೆ ಮೇಲಿನ ಎರಡು ಹಲ್ಲು ಒಟ್ಟಿಗೇ ಬರುತ್ತಿವೆ. ವಸಡು ಕೆಂಪಗೆ ಊದಿಕೊಂಡಿದೆ, ಜೊಲ್ಲು ನಿಲ್ಲುತ್ತಿಲ್ಲ. ಬೇರೆ ವಾರವಾಗಿದ್ದರೆ ಚಿಂತೆಯಿರಲಿಲ್ಲ. ನಮ್ಮ ಗಿಟಾಳಿಗೆ ಹಲ್ಲು ಬಂದಾಗ ಮಾಡಿದಂತೆ ಒಂದು ಬೇಗಲ್ಲನ್ನು ಐಸಿನಲ್ಲಿಟ್ಟು ಕೈಗೆ ಕೊಡುತ್ತಿದ್ದೆ. ನಡುವೆ ತೂತಿರುವುದರಿಂದ ಪುಟ್ಟ ಕೈಗೆ ಹಿಡಿಯಲು ಸುಲಭ, ತಣ್ಣಗಿರುವುದರಿಂದ ವಸಡಿಗೆ ಹಿತ. ನಲವತ್ತು ವರ್ಷ ಆ ಹಿಟ್ಟಿನ ಬಳೆ ಸುತ್ತಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇದು ಪಾಸೋವರ್ ಹಬ್ಬದ ವಾರ. ಉಬ್ಬಿದ ಹಿಟ್ಟಿನ ಒಂದು ಚೂರೂ ಎಂಟು ದಿನ ಮನೆಯಲ್ಲಿರಬಾರದೆಂದು ನಾನೇ ಅಂಗಡಿಯ ಒಲೆ ಆರಿಸಿ ಬೀಗ ಹಾಕಿ ಬಂದಿದ್ದೇನೆ. ತಣ್ಣನೆಯ ಸೌತೆಕಾಯಿ ಕೊಟ್ಟೆ, ಎಸೆದ. ಬೇಯಿಸಿದ ಸೇಬು ತಿನ್ನಿಸಿದೆ, ನನ್ನ ಹಬ್ಬದ ಅಂಗಿಗೇ ಉಗಿದ. ಹಬ್ಬದ ಉಬ್ಬದ ಮಾತ್ಸಾ ರೊಟ್ಟಿ ಕೊಟ್ಟರೆ ಅದು ಹಂಚಿನ ಚೂರಿನಂತೆ ಮುರಿದು ವಸಡಿಗೆ ಚುಚ್ಚಿತು. ಗಿಟಾ ನನ್ನ ಕೈಯಿಂದ ಕಿತ್ತುಕೊಂಡಳು.

ಈಗ ಕೇಳು. ನನ್ನ ಹತ್ತಿರ ಗಂಟೆಗಟ್ಟಲೆ ಅಳುವ ಮಗು ಗಿಟಾ ಮತ್ತು ಅಳಿಯನ ಕೋಣೆಗೆ ಹೋದ ಐದೇ ನಿಮಿಷಕ್ಕೆ ಸುಮ್ಮನಾಗುತ್ತಿತ್ತು. ಬ್ರಾಂದಿ ಸವರುತ್ತಿದ್ದಾರೇನೋ ಎಂದು ಬಾಯಿ ಮೂಸಿ ನೋಡಿದೆ. ವಾಸನೆಯಿಲ್ಲ. ಆದರೆ ಗದ್ದದ ಮೇಲೆ ಒಂದು ಎಳ್ಳು ಅಂಟಿತ್ತು, ನಾವು ಬೇಗಲ್ ಮೇಲೆ ಮೆತ್ತುವಂಥದ್ದು. ಈ ವಾರ ನಾವು ಎಳ್ಳನ್ನೂ ಮುಟ್ಟುವುದಿಲ್ಲ, ಮತ್ತೆ ಎಳ್ಳೆಲ್ಲಿಂದ ಬಂತು? ಅದನ್ನು ತೆಗೆದು ಕನ್ನಡಕದ ಡಬ್ಬಿಯಲ್ಲಿಟ್ಟೆ. ನನ್ನ ಅನುಮಾನ ನೆಟ್ಟಗೆ ಅಳಿಯನ ಮೇಲೆ ಹೋಯಿತು. ನಾರ್ಮನ್ ಟೊರಾಂಟೊದವನು, ಅವನ ತಾಯಿ ಹಬ್ಬದಲ್ಲೂ ಬ್ರೆಡ್ಡು ಸುಟ್ಟು ತಿನ್ನುತ್ತಾಳೆಂದು ಕೇಳಿದ್ದೇನೆ. ಅವನು ಸ್ನಾನಕ್ಕೆ ಹೋದಾಗ ಕೋಟಿನ ಜೇಬು ನೋಡಿದೆ. ಬಾಚಣಿಗೆ, ಎರಡು ಬಸ್ ಟಿಕೆಟ್ಟು, ಅಷ್ಟೆ. ಜೇಬಿಗೆ ಕೈ ಹಾಕಿದ್ದು ತಪ್ಪು, ಬೈಯಬೇಡ. ಆದರೆ ಅಲ್ಲಿ ಬೇಗಲ್ ಸಿಗದಿದ್ದದ್ದು ನನ್ನ ಅನುಮಾನವನ್ನು ಹೆಚ್ಚೇ ಮಾಡಿತು.

ನಿನ್ನೆ ಊಟಕ್ಕೆ ಕೂತಾಗ ಆ ಎಳ್ಳನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟೆ. "ಇದನ್ನ ಹಕ್ಕಿ ತಂದು ಹಾಕಿತೇನಪ್ಪಾ?" ಎಂದೆ. ಅವನು ಗಿಟಾಳ ಮುಖ ನೋಡಿದ, ಅವಳು ತಟ್ಟೆ ನೋಡಿದಳು. "ನಾನೇ ಕೊಟ್ಟಿದ್ದು ಮಾವ. ಎಲ್ಲಿಂದ ಬಂತು ಅಂತ ಮಾತ್ರ ಕೇಳ್ಬೇಡಿ" ಎಂದ. ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ನೀತಿ ನಿಯಮ ಬೇಡದವನಿಗೆ ನಮ್ಮ ಮನೆಯೂ ಬೇಡ ಎಂದುಬಿಟ್ಟೆ. "ಸಾಕು ಅಪ್ಪಾ, ಆಮೇಲೆ ನಿಮಗೇ ಬೇಜಾರಾಗುತ್ತೆ" ಎಂದಳು ಗಿಟಾ. ನಾಳೆ ಬೆಳಗಿನ ರೈಲಿಗೆ ಮಗುವನ್ನು ಕರೆದುಕೊಂಡು ಟೊರಾಂಟೊಗೆ ಹೊರಟಿದ್ದಾರೆ, ಅಲ್ಲೇ ಮನೆ ಮಾಡುತ್ತಾರಂತೆ. ಪಿನಿ ಇಲ್ಲದ ಮನೆಯಲ್ಲಿ ನಾನು ಹೇಗಿರಲಿ? ಆದರೂ ಮಾಡಿದ ಮೋಸವನ್ನು ಮೋಸ ಎನ್ನದೆ ಇರುವುದು ಹೇಗೆ? ನೀನೇ ಮಗಳಿಗೆ ನಾಲ್ಕು ಬುದ್ಧಿಮಾತು ಹೇಳು.

ಫೆಯ್ಗಾಳಿಗೆ ನನ್ನ ನೆನಪು ತಿಳಿಸು. ಹಬ್ಬ ನಿಮ್ಮಿಬ್ಬರಿಗೂ ಒಳ್ಳೆಯದು ಮಾಡಲಿ.

ನಿನ್ನ
ಝೆಲಿಗ್

ತಾ.ಕ.: ಲಕೋಟೆ ಅಂಟಿಸುವ ಮೊದಲು ಊಟಕ್ಕೆ ಮೀನು ತೆಗೆಯೋಣವೆಂದು ಐಸ್ ಪೆಟ್ಟಿಗೆ ತೆರೆದೆ. ಮೀನಿನ ಹಿಂದೆ ಒಂದು ಪೊಟ್ಟಣ. ಒಳಗೆ ಮೂರು ಬೇಗಲ್, ನಮ್ಮ ಅಂಗಡಿಯವೇ. ಜೊತೆಗೆ ನಿನ್ನ ಕೈಬರಹದ ಚೀಟಿ: "ಪಿನಿಗೆ ಮಾತ್ರ. ಹಲ್ಲು ಹಬ್ಬ ನೋಡ್ಕೊಂಡು ಬರಲ್ಲ. ಅಪ್ಪನಿಗೆ ನನ್ನ ಹೆಸರು ಹೇಳ್ಬೇಡಿ, ನೊಂದ್ಕೋತಾರೆ." ನಾನು ಅಂದದ್ದನ್ನೆಲ್ಲ ಆ ಹುಡುಗ ನುಂಗಿಕೊಂಡ, ನಿನ್ನ ಹೆಸರು ಮಾತ್ರ ಬಾಯಿ ಬಿಡಲಿಲ್ಲ. ನನಗೆ ನಾಚಿಕೆಯಾಗಿದೆ, ಬ್ರೈನಲೆ. ಒಂದು ಬೇಗಲ್ ಹಿಡಿದು ಅವರ ಕೋಣೆಗೆ ಹೋದೆ. ನಾರ್ಮನ್ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದ. ಕ್ಷಮಿಸು ಎನ್ನಲು ಹೊರಟೆ, ಬಾಯಿಗೆ ಬಂದದ್ದು ಬೇರೆ: "ಇದನ್ನ ಮಗೂಗೆ ಹೆಂಗೆ ಕೊಡ್ತೀಯ, ನಂಗೂ ಸ್ವಲ್ಪ ತೋರಿಸಪ್ಪಾ." ಅವನು ಸೂಟ್‌ಕೇಸನ್ನು ಮಂಚದಿಂದ ಕೆಳಗಿಳಿಸಿ, ನನಗೆ ಕೂರಲು ಜಾಗ ಮಾಡಿ, ಪಿನಿಯನ್ನು ನನ್ನ ತೊಡೆಯ ಮೇಲಿಟ್ಟ. "ಮೆತ್ತಗಾದ್ರೆ ಬೇರೆ ಕಡೆ ತಿರುಗಿಸ್ಕೊಳ್ಳಿ ಮಾವ, ಇಲ್ಲಾಂದ್ರೆ ಚೂರು ಗಂಟಲಿಗೆ ಹೋದೀತು" ಎಂದ.