ಉಳಿದವರ ಹೆಸರಿಗೆ

ಪರ್ತ್,
ಆಗಸ್ಟ್ ೧೪, ೨೦೧೬

ಚಿ. ಮಿಥುನ್ ಅವರಿಗೆ ಅತ್ತೆ ವಿಶಾಲಾಕ್ಷಿಯ ಆಶೀರ್ವಾದಗಳು. ಅನು ಪುಟ್ಟಿಗೆ ಅಜ್ಜಿಯ ಮುತ್ತುಗಳು.

ಫೋನು ಮಾಡಿದರೆ ನೀವು ಎತ್ತುವುದಿಲ್ಲ. ಮೆಸೇಜು ಓದಿದ ಗುರುತು ಬರುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಈ ಕಾಗದ. ಹರಿದು ಬಿಸಾಕುವುದಾದರೂ ಒಂದು ಸಲ ಓದಿ ಬಿಸಾಕಿ.

ಸೌಮ್ಯಾ ತನ್ನ ಅರ್ಧ ಮನೆ ಅನುಗೆ ಅಂತ ವಿಲ್ ಬರೆದಿದ್ದರೂ, ನಾನು ಇಡೀ ಮನೆ ನುಂಗಿ ಕೂತಿದ್ದೇನೆ ಎಂದು ನೀವು ಅಡಿಲೇಡಿನ ಕನಕಳ ಹತ್ತಿರ ಹೇಳಿದಿರಂತೆ. ಅವಳು ನನ್ನ ತಂಗಿಯ ಮಗಳು, ನನ್ನ ಕಿವಿಗೆ ಬೀಳದೆ ಇರುತ್ತದೆಯೇ? ಮನೆಯ ವಿಷಯ ಇತ್ಯರ್ಥವಾಗುವವರೆಗೆ ಮಗುವನ್ನು ಕಳಿಸುವುದಿಲ್ಲ ಅಂತ ನನಗೂ ಹೇಳಿದಿರಿ. ಸೌಮ್ಯಾ ಗಣಿಯ ಸೈಟಿಗೆ ಹೋದಾಗಲೆಲ್ಲ ಆ ಮಗುವಿಗೆ ಎಣ್ಣೆ ಹಚ್ಚಿ ನೀರೆರೆದು, ತುತ್ತಿಟ್ಟು, ಜಡೆ ಹೆಣೆದು ಸ್ಕೂಲಿಗೆ ಕಳಿಸಿದವಳು ನಾನು.

ಈ ಮನೆ ಕೊಂಡಾಗ ನೀವು ಬ್ರಿಸ್ಬೇನಿನಲ್ಲಿ ಕೆಲಸ ಸಿಕ್ಕಿತೆಂದು ಹೊರಟಿದ್ದಿರಿ, ಪರ್ತಿನ ಮನೆಗೆ ನಿಮ್ಮ ಹೆಸರು ಬೇಡ ಅಂದಿರಿ. ನಾನು ಮೈಸೂರಿನ ಮನೆ ಮಾರಿದ ದುಡ್ಡು ಹಾಕಿದೆ, ಸೌಮ್ಯಾ ಸಂಬಳದಲ್ಲಿ ಉಳಿಸಿದ್ದು ಹಾಕಿದಳು. ಲಾಯರ್ ವೆನೆಸ್ಸಾ ಮಂಗಳೂರು ಕಡೆಯ ಹುಡುಗಿ, ಕನ್ನಡದಲ್ಲೇ ಬಿಡಿಸಿ ಹೇಳಿದಳು. ಬೇರೆ ಬೇರೆ ಪಾಲು ಅಂತ ಬರೆಸಿದರೆ ಅವರವರ ಪಾಲನ್ನು ಅವರವರು ಬೇಕಾದವರಿಗೆ ಬಿಟ್ಟುಹೋಗಬಹುದು. ಜಂಟಿ ಅಂತ ಬರೆಸಿದರೆ ಪಾಲು ಅನ್ನುವುದೇ ಇಲ್ಲ; ಒಬ್ಬರು ಹೋದರೆ ಇಡೀ ಮನೆ ಉಳಿದವರದು, ಅಲ್ಲಿ ವಿಲ್ ನಡೆಯುವುದಿಲ್ಲ. ಜಂಟಿಯೇ ಇರಲಿ, ಅಮ್ಮ ಹೋದ ಮೇಲೆ ನಾನು ಆಫೀಸಿಂದ ಆಫೀಸಿಗೆ ಅಲೆಯುವುದು ತಪ್ಪುತ್ತದೆ ಅಂತ ಸೌಮ್ಯಾ ನಕ್ಕಳು. ನಾನೂ ನಕ್ಕೆ. ಮಗಳು ಮೊದಲು ಹೋಗುತ್ತಾಳೆ ಅಂತ ಯಾವ ತಾಯಿ ಲೆಕ್ಕ ಹಾಕುತ್ತಾಳೆ? ಆಮೇಲೆ ಯಾವಾಗಲೋ ಆ ಮಾತು ಮರೆತು ವಿಲ್ ಬರೆದಿದ್ದಾಳೆ. ಗಣಿಯ ಕ್ಯಾಂಪಿನಲ್ಲಿ ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಅನುವನ್ನು ನೀವು ಕರೆದುಕೊಂಡು ಹೋದಿರಿ, ಮನೆ ನನ್ನದಾಯಿತು.

ಮಗಳ ಮನೆಯಲ್ಲಿ ಊಟ ಮಾಡಿದರೆ ಎಲೆಯ ಪಕ್ಕ ಒಂದು ರೂಪಾಯಿ ಇಟ್ಟು ಏಳುತ್ತಿದ್ದವರು ನಮ್ಮ ತಾಯಿ. ಅವರ ಮಗಳಾಗಿ ನಾನು ಹೆತ್ತ ಮಗಳ ಸಾವಿನಿಂದ ಮನೆ ಪಡೆದು ಅದರಲ್ಲೇ ಕೂತು ಕಾಫಿ ಕುಡಿಯುತ್ತಿದ್ದೇನೆ. ನನ್ನ ಮೇಲೆ ನನಗೇ ಹೇಸಿಗೆ ಬಂದಿದೆ ಮಿಥುನ್.

ಅನು ಹೆಸರನ್ನು ನಿಮ್ಮ ಜೊತೆ ಜಂಟಿಯಾಗಿ ಸೇರಿಸಿಬಿಡಿ, ಹೇಗಿದ್ದರೂ ಮೊದಲು ಹೋಗುವವರು ನೀವೇ ತಾನೆ ಅಂತ ಹಿಂದೊಮ್ಮೆ ನನಗೆ ಬರೆದಿದ್ದಿರಿ. ಅತ್ತೆಗೆ ಬರೆಯುವ ಮಾತು ಅದಲ್ಲ, ಇರಲಿ ಬಿಡಿ. ನಾನು ಆಗುವುದಿಲ್ಲ ಅಂದಿದ್ದಕ್ಕೆ ನಿಮಗೆ ಕೋಪ. ಸೌಮ್ಯಾ ಹೇಳಿದ್ದೂ ಅದೇ ಮಾತಲ್ಲವೇ? ಮಗುವಿಗೆ ಏನಾದರೂ ಆಗಿ ನಾನು ಉಳಿದರೆ, ಬಿಡ್ತು ಅನ್ನಿ, ಮತ್ತೆ ಮನೆ ನನಗೇ. ಅಂಥ ಕಾಗದಕ್ಕೆ ಎರಡನೇ ಸಲ ರುಜು ಹಾಕುವ ಶಕ್ತಿ ನನಗಿಲ್ಲ.

ವೆನೆಸ್ಸಾ ಇನ್ನೊಂದು ದಾರಿ ಹೇಳಿದಳು. ಮನೆಯನ್ನು ಈಗಲೇ ಅನುಗೆ ಬರೆದುಬಿಡುವುದು. ಅವಳು ದೊಡ್ಡವಳಾಗುವವರೆಗೆ ಅವಳ ಪರವಾಗಿ ನೀವು. ನನಗೆ ಜೀವ ಇರುವವರೆಗೆ ಇಲ್ಲಿ ವಾಸ ಮಾಡುವ ಹಕ್ಕು ಮಾತ್ರ. ನಾನು ಮನೆ ಮಾರುವ ಹಾಗಿಲ್ಲ, ನಾನು ಹೋದ ದಿನ ನನ್ನ ಹಕ್ಕೂ ಮುಗಿಯಿತು. ಏನೇ ಆದರೂ ಮನೆ ತಿರುಗಿ ನನಗೆ ಬರುತ್ತದೆಯೇ ಅಂತ ಕೇಳಿದೆ. ಬರುವುದಿಲ್ಲವಂತೆ. ಹಾಗಾದರೆ ಅದೇ ಇರಲಿ ಅಂದೆ.

ಅಡಿಲೇಡಿನಲ್ಲಿ, ಕಿಲ್ಬರ್ನಿನ ತನ್ನ ಮನೆಗೆ ಬಂದುಬಿಡಿ ದೊಡ್ಡಮ್ಮ ಅಂತ ಕನಕ ಕರೆಯುತ್ತಾಳೆ. ಹೋಗಲಾರೆ. ಇಲ್ಲಿ ಇರಲೂ ಆಗುತ್ತಿಲ್ಲ. ಒಬ್ಬಳಿಗೆ ಅಂತ ಅನ್ನಕ್ಕಿಡಲು ಕೈ ಬರುವುದಿಲ್ಲ. ಬೆಳಿಗ್ಗೆ ಯಾಕಾದರೂ ಎಚ್ಚರವಾಯಿತೋ ಅನ್ನಿಸುತ್ತದೆ. ಅಲ್ಲಿ ಬ್ರಿಸ್ಬೇನ್ ಕಡೆ, ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ನೀವು ಕೆಲಸದಿಂದ ಟ್ರೈನು ಹಿಡಿದು ಬರುವವರೆಗೆ ಅನು ಯಾರ ಮನೆಯಲ್ಲಿರುತ್ತಾಳೋ, ಏನು ತಿನ್ನುತ್ತಾಳೋ. ಅವಳು ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು, ನಾನು ಗದರುತ್ತಿದ್ದೆ. ಈಗ ಯಾವ ಭಾಷೆಯಾದರೂ ಸರಿ, ಅವಳ ದನಿ ಒಂದು ಸಲ ಕೇಳಿಸಿ.

ಆರೋಗ್ಯ ನೋಡಿಕೊಳ್ಳಿ. ನೀವೂ ಸೊರಗಿದ್ದೀರಿ ಅಂತ ಕನಕ ಹೇಳಿದಳು.

ಇಂತು,
ನಿಮ್ಮ ಅತ್ತೆ,
ವಿಶಾಲಾಕ್ಷಿ

ಇನ್ನೊಂದು ಮಾತು: ಅನುಗೆ ಬರೆದುಕೊಡುವ ಮೊದಲು ಮನೆಪತ್ರದಿಂದ ಸೌಮ್ಯಾಳ ಹೆಸರು ತೆಗೆಸಬೇಕಂತೆ. ಅದಕ್ಕೆ ಉಳಿದವರೇ ಅರ್ಜಿ ಹಾಕಬೇಕು. ಇಷ್ಟು ತಿಂಗಳು ತಡವಾಗಿದ್ದು ಅದಕ್ಕೇ, ಆಸೆಗಲ್ಲ. ವೆನೆಸ್ಸಾಳ ಆಫೀಸಿಗೆ ಹೋಗುತ್ತೇನೆ, ಪೆನ್ನು ಹಿಡಿಯುತ್ತೇನೆ, ವಾಪಸ್ಸು ಬಂದುಬಿಡುತ್ತೇನೆ. ಸೌಮ್ಯಾ ಸತ್ತಳು, ನಾನು ಬದುಕಿದ್ದೇನೆ, ಆದ್ದರಿಂದ ಮನೆ ನನ್ನದು ಅಂತ ನಾನೇ ರುಜು ಹಾಕಬೇಕು. ನೀವು ಬಂದು ಪಕ್ಕದಲ್ಲಿ ಕೂತರೆ ಹಾಕಬಹುದೇನೋ. ಅನುವನ್ನು ಕರೆತರದಿದ್ದರೂ ಸರಿ, ನೀವೊಬ್ಬರಾದರೂ ಬನ್ನಿ.