ಮುಯ್ಯಿ ತೀರಿಸಲು ಹೋದ ಹಡಗು

ಕಾರವಾರ ಬಂದರು
ಫೆಬ್ರವರಿ 30, 2391

ಇಪ್ಪತ್ತೊಂದನೇ ಶತಮಾನದಲ್ಲಿ ಕನ್ನಡ ನಿಘಂಟು ಬರೆಯುವ ಹಿರಿಯರಿಗೆ, ಚಂಪಾ ಗುನಗಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಫೆಬ್ರವರಿಗೆ ಮೂವತ್ತು ದಿನ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಮೇಲೆ ಬಂದಿರುವ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾನು ನೆರವು ಸಾಗಿಸುವ ಬಿಸಿಲುಹಡಗಿನ ಮೇಲ್ವಿಚಾರಕಿ. ಬಿಸಿಲುಹಡಗು ಬಿಸಿಲಿನ ಬಲದಲ್ಲೇ ಓಡುವುದು. ಮೋಡ ಕವಿದರೆ ನಿಂತಲ್ಲೇ ನಿಂತು ಪ್ರಾಣ ತಿನ್ನುತ್ತದೆ. ಕಳೆದ ವರ್ಷ ಅದರಲ್ಲಿ ಅಗುಳಿನಾಡಿಗೆ ಹೋದೆವು. ಒಳಗಿನಿಂದ ಅಗುಳಿ ಹಾಕಿಕೊಂಡು ಕೂತ ದ್ವೀಪಕ್ಕೆ ನಾವಿಟ್ಟ ಹೆಸರು ಅದು. ಅಲ್ಲಿ ಕಾಲರಾ ಹಬ್ಬಿ ಮಕ್ಕಳು ಸಾಯುತ್ತಿದ್ದರು. ಇಲ್ವಾ ಎಂಬ ಡಾಕ್ಟರು ಸರ್ಕಾರದ ಕಣ್ಣು ತಪ್ಪಿಸಿ, ಸಲೈನ್ ಬೇಕೆಂದು ನಮಗೆ ಸುದ್ದಿ ಮುಟ್ಟಿಸಿದ್ದರು. ನಮ್ಮ ಹಡಗಿನ ತುಂಬ ಸಲೈನ್ ಇತ್ತು.

ಆ ಸರ್ಕಾರಕ್ಕೆ 'ನೆರವು' ಎಂದರೆ ಮೈಯೆಲ್ಲ ಉರಿ. ತಾವೇನು ಭಿಕ್ಷುಕರೇ ಎಂಬ ಬಿಗುಮಾನ. ಅದಕ್ಕೆ ನಮ್ಮ ಜೊತೆ ಹಡಗಿನಲ್ಲಿದ್ದ ನೆರವು ಮಂಡಳಿಯ ಅಧ್ಯಕ್ಷ ಧರಣೇಂದ್ರಯ್ಯನವರು ಜಾಣತನ ತೋರಿಸಿದರು. ಹಿಂದೆ ನಮ್ಮ ಕರಾವಳಿ ಮುಳುಗಿದಾಗ ಆ ದ್ವೀಪದವರು ದೋಣಿ ಕಳಿಸಿದ್ದರು. ಮದುವೆಯಲ್ಲಿ ಮುಯ್ಯಿ ಮಾಡಿದವರಿಗೆ ನಾವೂ ತಿರುಗಿ ಮುಯ್ಯಿ ಮಾಡುವಂತೆ ಇದೂ ಇರಲಿ ಎಂದು, "ಮುಯ್ಯಿ ತೀರಿಸಲು ಬಂದಿದ್ದೇವೆ" ಎಂಬ ಸಂದೇಶವನ್ನು ನುಡಿಪೆಟ್ಟಿಗೆಗೆ ಕೊಟ್ಟರು. ಒಂದು ಭಾಷೆಯನ್ನು ಇನ್ನೊಂದಕ್ಕೆ ತಿರುಗಿಸುವ ಈ ಯಂತ್ರ ಕನ್ನಡ ಕಲಿತದ್ದು ನಿಮ್ಮ ನಿಘಂಟುಗಳಿಂದ. 'ಮುಯ್ಯಿಗೆ ಮುಯ್ಯಿ' ಎಂಬುದನ್ನೇ ಹಿಡಿದುಕೊಂಡು, ನಾವು ಸೇಡು ತೀರಿಸಿಕೊಳ್ಳಲು ಬಂದಿದ್ದೇವೆಂದು ಅದು ಸಾರಿತು. ಬಂದರಿನ ಫಿರಂಗಿಗಳು ನಮ್ಮತ್ತ ತಿರುಗಿದವು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಸಮಜಾಯಿಷಿ ಕೊಟ್ಟಷ್ಟೂ ಪೆಟ್ಟಿಗೆ ಎಡವಟ್ಟು ಮಾಡಿತು. ಧರಣೇಂದ್ರಯ್ಯನವರಂತೂ ತಮ್ಮ ವ್ಯಾಕರಣದಲ್ಲಿ ತಪ್ಪೇ ಇಲ್ಲವೆಂದು ಪಟ್ಟು ಹಿಡಿದು ಕೂತರು. ಕೊನೆಗೆ ನಾನೇ ಒಂದು ಸಲೈನ್ ಬಾಟಲಿಯನ್ನು ಎತ್ತಿ ಹಿಡಿದು, ಬಾಯಿ ಮುಚ್ಚಿಕೊಂಡು, ಸಣ್ಣ ದೋಣಿಯಲ್ಲಿ ದಡಕ್ಕೆ ಹೋದೆ. ಕಾವಲಿನವರು ಅದನ್ನು ಪರೀಕ್ಷೆಗೆಂದು ಇಲ್ವಾ ಅವರ ಬಳಿಗೇ ಒಯ್ದರು. ಅದು ಸಲೈನೇ ಎಂದು ಅವರು ಹೇಳಿದ ಮೇಲೆ ಬಂದರು ತೆರೆಯಿತು.

ಆಸ್ಪತ್ರೆಯಲ್ಲಿ ಅರ್ಧದಷ್ಟು ಹಾಸಿಗೆಗಳು ಖಾಲಿಯಿದ್ದವು. ಆ ಮಕ್ಕಳು ಗುಣವಾಗಿ ಮನೆಗೆ ಹೋದರೇ ಎಂದು ಪೆದ್ದಿಯ ಹಾಗೆ ಕೇಳಿದೆ. ಇಲ್ವಾ ಹೊದಿಕೆ ಮಡಿಸುತ್ತಲೇ ಉತ್ತರ ಕೊಟ್ಟರು. ಹಾಳು ಪೆಟ್ಟಿಗೆ ಇದನ್ನು ಮಾತ್ರ ತಪ್ಪಿಲ್ಲದೆ ತಿರುಗಿಸಿತು: "ಈ ಕಿಟಕಿಯಿಂದ ನಿಮ್ಮ ಹಡಗು ಕಾಣುತ್ತಿತ್ತು. ಕಣ್ಣು ಮುಚ್ಚುವವರೆಗೂ ಮಕ್ಕಳು ಅದನ್ನೇ ನೋಡುತ್ತಿದ್ದವು."

ಉಳಿದ ಮಕ್ಕಳು ಬದುಕಿದವು. ನನಗೆ ಸಮಾಧಾನವಿಲ್ಲ. ನಿಮ್ಮ ಕಾಲದಲ್ಲಿ ಇನ್ನೂ ತಿದ್ದಬಹುದು, ದಯವಿಟ್ಟು ತಿದ್ದಿ. ಮುಯ್ಯಿ ಎಂಬಲ್ಲಿ 'ಪ್ರೀತಿಯಿಂದ ಮರಳಿ ಕೊಡುವುದು' ಎಂದು ಮೊದಲು ಬರೆಯಿರಿ. ಸೇಡು ಆಮೇಲೆ ಬರಲಿ, ಅದಕ್ಕೇನೂ ಅವಸರವಿಲ್ಲ.